ಹೊಲ ಪಟ್ಟಣ ಸೇರಿದ ವರ್ಷ

1943ರ ಮಳೆಗಾಲದ ಹೊತ್ತಿಗೆ ಬಂಗಾಳದ ಹಳ್ಳಿಗಳು ಕಲ್ಕತ್ತೆಯ ಕಡೆಗೆ ಗುಳೆ ಎದ್ದಿದ್ದವು. ಡೈಮಂಡ್ ಹಾರ್ಬರ್, ಕ್ಯಾನಿಂಗ್ ಕಡೆಯಿಂದ ಬರುವ ರೈಲುಗಳಿಗೆ ಟಿಕೆಟ್ಟಿಲ್ಲದೆ ಹತ್ತಿದವರು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಡೆದೇ ಬಂದವರು, ಎಲ್ಲರೂ ಕೊನೆಗೆ ಬಂದು ಬಿದ್ದದ್ದು ಈ ಮಹಾನಗರದ ಫುಟ್‌ಪಾತುಗಳ ಮೇಲೆ. ಮನೆಮನೆಯ ಬಾಗಿಲಲ್ಲಿ ನಿಂತು ಅವರು ಬೇಡಿದ್ದು ಅನ್ನವನ್ನಲ್ಲ, ಅನ್ನ ಬಸಿದ ಮೇಲೆ ಉಳಿಯುವ ಗಂಜಿನೀರನ್ನು. ಅನ್ನ ಕೇಳುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ. ಆ ಅನ್ನದ ಭತ್ತ ನೆಟ್ಟು ಕೊಯ್ದ ಕೈಗಳೇ ಅವು.

ಈ ಚಿತ್ರ ಲೋಕಕ್ಕೆ ಗೊತ್ತು. ಜೈನುಲ್ ಅಬೇದಿನ್ ಕಪ್ಪು ಶಾಯಿಯಲ್ಲಿ ಅದನ್ನು ಬರೆದಿಟ್ಟರು, ಸುನೀಲ್ ಜಾನಾ ಕ್ಯಾಮರಾದಲ್ಲಿ ಹಿಡಿದರು. ಮೇದಿನಿಪುರದ ಹಳ್ಳಿಗಳಲ್ಲಿ ಅಲೆದು ಚಿತ್ತಪ್ರಸಾದ್ ತಂದ ಪುಸ್ತಕವನ್ನು ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಸತ್ತವರ ಲೆಕ್ಕದ ಬಗ್ಗೆ ಇಂದಿಗೂ ವಾದ ಮುಗಿದಿಲ್ಲ: ಸರ್ ಜಾನ್ ವುಡ್‌ಹೆಡ್ ಅಧ್ಯಕ್ಷತೆಯ ವಿಚಾರಣಾ ಆಯೋಗ 15 ಲಕ್ಷ ಎಂದಿತು, ನಂತರದ ವಿದ್ವಾಂಸರು 20 ಲಕ್ಷ ದಾಟಿಸಿ 30 ಲಕ್ಷದವರೆಗೂ ಹೇಳುತ್ತಾರೆ.

ಆದರೆ ಅದೇ ತಿಂಗಳುಗಳಲ್ಲಿ ಹಳ್ಳಿಯಿಂದ ಪಟ್ಟಣಕ್ಕೆ ಇನ್ನೊಂದು ಗುಳೆಯೂ ನಡೆಯಿತು. ಅದಕ್ಕೆ ಫೋಟೋ ಇಲ್ಲ, ಚಿತ್ರವಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಹೆಬ್ಬೆಟ್ಟು ಒತ್ತಿದ ಕ್ರಯಪತ್ರಗಳ ಮೂಲಕ ಲಕ್ಷಾಂತರ ಎಕರೆ ಗದ್ದೆ ಉಳುವವರ ಕೈಯಿಂದ ಜಾರಿ, ಊರಾಚೆ ಇರುವವರ ಹೆಸರಿಗೆ ಹೋಯಿತು. ಹಸಿವಿನಿಂದ ಸತ್ತವರು ಸತ್ತರು. ಬದುಕಿ ಉಳಿದವರು ಊರಿಗೆ ಹಿಂದಿರುಗಿ ನೋಡಿದಾಗ ಹೊಲ ಅವರದಾಗಿರಲಿಲ್ಲ. 1943ರ ಕಥೆಯಲ್ಲಿ ನಾನು ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ಗುಳೆಯನ್ನು. ಮೊದಲನೆಯದು ಒಂದು ವರ್ಷದ ದುರಂತ. ಎರಡನೆಯದು ಮೂರು ತಲೆಮಾರುಗಳ ಬಾಳನ್ನು ಬದಲಿಸಿತು.

ಬಂಗಾಳದ ಸಣ್ಣ ರೈತ ಆ ಹೊತ್ತಿಗೆ ಎಲ್ಲಿ ನಿಂತಿದ್ದ ಎಂಬುದನ್ನು ಮೊದಲು ನೋಡಬೇಕು. 1793ರ ಕಾಯಂ ಜಮಾಬಂದಿ ಜಮೀನ್ದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತ್ತು. ಅವರಲ್ಲಿ ಅನೇಕರು ಕಲ್ಕತ್ತೆಯ ದೊಡ್ಡ ಮನೆಗಳಲ್ಲಿ ನೆಲೆಸಿ ಕಂದಾಯದ ಮೇಲೆ ಬದುಕುತ್ತಿದ್ದರು. ಅವರ ಕೆಳಗೆ ದೊಡ್ಡ ಹಿಡುವಳಿಯ ಜೋತೆದಾರರು, ಅವರ ಕೆಳಗೆ ಗೇಣಿದಾರರು, ಎಲ್ಲಕ್ಕೂ ತಳದಲ್ಲಿ ಬರ್ಗಾದಾರರು. ಬರ್ಗಾದಾರ ಎಂದರೆ ನಮ್ಮ ಕಡೆ ಕೋರಿಗೆ ಮಾಡುವವನು: ಬೀಜ, ಎತ್ತು, ದುಡಿಮೆ ಬಹುತೇಕ ಅವನದು, ಬೆಳೆಯಲ್ಲಿ ಅರ್ಧ ಒಡೆಯನದು. ಅವನಿಗೆ ಉಳಿದ ಅರ್ಧದಲ್ಲೂ ಬಿತ್ತನೆಗೆ ತಂದ ಭತ್ತದ ಸಾಲ ಕಣದಲ್ಲೇ ಕಳೆಯುತ್ತಿತ್ತು. ಒಂದು ಮಣ ತಂದರೆ ಸುಗ್ಗಿಗೆ ಒಂದೂವರೆ ಮಣ ಕೊಡುವ ಪದ್ಧತಿ ಅಲ್ಲಿ ಸಾಮಾನ್ಯ. ಆಯೋಗದ ಲೆಕ್ಕದಲ್ಲಿ ಬೇಸಾಯ ನಂಬಿದ ಸುಮಾರು 75 ಲಕ್ಷ ಕುಟುಂಬಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಎರಡು ಎಕರೆಗಿಂತ ಕಡಿಮೆ ನೆಲ, ಇಲ್ಲವೇ ಏನೂ ಇಲ್ಲ. ಎರಡು ಎಕರೆಯ ಆಮನ್, ಅಂದರೆ ಚಳಿಗಾಲದಲ್ಲಿ ಕೊಯ್ಯುವ ಭತ್ತ, ಐದಾರು ಜನರ ಮನೆಗೆ ವರ್ಷಪೂರ್ತಿ ಬರುವುದಿಲ್ಲ. ಸುಗ್ಗಿಯಾದ ಕೆಲವು ತಿಂಗಳಿಗೆ ಕಣಜ ಬರಿದಾಗುತ್ತದೆ. ಆಮೇಲೆ ಭತ್ತ ಬೆಳೆದವನೇ ಅಕ್ಕಿ ಕೊಳ್ಳಬೇಕು.

ಕೈಗೆ ಕಾಸು ತರುತ್ತಿದ್ದದ್ದು ಸೆಣಬು. ಹೂಗ್ಲಿ ನದಿಯ ಎರಡೂ ದಡದ ಗಿರಣಿಗಳು ಜಗತ್ತಿಗೆಲ್ಲ ಗೋಣಿಚೀಲ ನೇಯುತ್ತಿದ್ದವು. ಪೂರ್ವ ಬಂಗಾಳದ ಸಣ್ಣ ಹಿಡುವಳಿದಾರ ಗದ್ದೆಯ ಒಂದು ಭಾಗಕ್ಕೆ ಸೆಣಬು ಹಾಕಿ, ಅದರ ದುಡ್ಡಿನಲ್ಲಿ ಕಂದಾಯ, ಬಟ್ಟೆ, ಉಪ್ಪು, ಎಣ್ಣೆ ನಿಭಾಯಿಸುತ್ತಿದ್ದ. 1929ರ ಜಾಗತಿಕ ಕುಸಿತದ ಬೆನ್ನಿಗೆ ಸೆಣಬಿನ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಬೆಲೆ ಬಿದ್ದರೂ ಸಾಲ ಬೀಳಲಿಲ್ಲ. ಸಾಲದ ಬವಣೆ ಎಷ್ಟು ಹೆಚ್ಚಿತೆಂದರೆ 1935ರಲ್ಲಿ ಕೃಷಿ ಸಾಲಗಾರರ ಕಾಯ್ದೆ ತಂದು ಸಾಲ ಇತ್ಯರ್ಥ ಮಂಡಳಿಗಳನ್ನು ಸ್ಥಾಪಿಸಬೇಕಾಯಿತು, 1940ರಲ್ಲಿ ಲೇವಾದೇವಿಗಾರರ ಮೇಲೆ ಇನ್ನೊಂದು ಕಾಯ್ದೆ ಬಂತು. ಉದ್ದೇಶ ಒಳ್ಳೆಯದೇ. ಆದರೆ ಹಳ್ಳಿಯ ಸಾಹುಕಾರ ಕೈ ಹಿಂದಕ್ಕೆಳೆದುಕೊಂಡ ಜಾಗದಲ್ಲಿ ಸರ್ಕಾರದ್ದಾಗಲೀ ಸಹಕಾರ ಸಂಘದ್ದಾಗಲೀ ಕೈ ಚಾಚಿ ಬರಲಿಲ್ಲ. ಇನ್ನು ಕಷ್ಟ ಬಂದರೆ ಅಡವಿಡಲು ಅಥವಾ ಮಾರಲು ರೈತನ ಬಳಿ ಉಳಿದದ್ದು ನೆಲವೊಂದೇ.

ಆ ನೆಲದ ಮಾರಾಟವೂ ಅಷ್ಟರಲ್ಲಿ ಸಲೀಸಾಗಿತ್ತು. ಹಿಂದೆ ಅನುಭೋಗದ ಹಕ್ಕನ್ನು ಮಾರಬೇಕಾದರೆ ಜಮೀನ್ದಾರನಿಗೆ ಸಲಾಮಿ ಎಂಬ ಶುಲ್ಕ ತೆರಬೇಕಿತ್ತು. 1938ರ ಗೇಣಿ ಕಾಯ್ದೆ ತಿದ್ದುಪಡಿ ಅದನ್ನು ತೆಗೆದುಹಾಕಿತು. ರೈತನ ಹೆಗಲಿಂದ ಒಂದು ಹೊರೆ ಇಳಿಯಿತೆಂದು ಎಲ್ಲರೂ ಸಂತೋಷಪಟ್ಟರು. ಸಂತೋಷಪಡುವ ಸುಧಾರಣೆಯೇ ಅದು. ಆದರೆ ದುರ್ಬಲನ ಭೂಮಿಗೆ ಮಾರುಕಟ್ಟೆಯ ಬಾಗಿಲು ತೆರೆಯುವಾಗ, ಅವನು ಯಾವ ಹೊತ್ತಿನಲ್ಲಿ ಯಾರಿಗೆ ಮಾರಬೇಕಾಗುತ್ತದೆ ಎಂದು ಯೋಚಿಸಿದವರು ಕಡಿಮೆ. ಐದೇ ವರ್ಷದಲ್ಲಿ ಆ ಬಾಗಿಲಿನಿಂದ ಲಕ್ಷಾಂತರ ಎಕರೆ ಹೊರಹೋಯಿತು.

1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಗೆ ಬಿತ್ತು. ಬರ್ಮಾದ ಅಕ್ಕಿ ನಿಂತಿತು. ಬಂಗಾಳದ ಒಟ್ಟು ಊಟದಲ್ಲಿ ಅದರ ಪಾಲು ದೊಡ್ಡದೇನಲ್ಲ, ಆದರೆ ಬೆಲೆಯ ಮೇಲೆ ಅದರ ಹಿಡಿತ ದೊಡ್ಡದಿತ್ತು. ಜಪಾನೀಯರು ಸಮುದ್ರದಿಂದ ಬಂದಿಳಿದರೆ ಅವರ ಕೈಗೆ ಏನೂ ಸಿಗಬಾರದೆಂದು ಸರ್ಕಾರ ಕರಾವಳಿ ಜಿಲ್ಲೆಗಳಿಂದ ಅಕ್ಕಿಯನ್ನು ಎತ್ತಿಸಿತು, ದೋಣಿಗಳನ್ನು ವಶಪಡಿಸಿಕೊಂಡಿತು. ಹತ್ತಕ್ಕಿಂತ ಹೆಚ್ಚು ಜನ ಹಿಡಿಸುವ ದೋಣಿಗಳಲ್ಲಿ ನೋಂದಣಿಯಾದವು 66 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 46 ಸಾವಿರ ಬಳಕೆ ತಪ್ಪಿದವು. ನೀರೇ ರಸ್ತೆಯಾಗಿರುವ ನಾಡಿನಲ್ಲಿ ದೋಣಿ ಹೋದರೆ ಮೀನುಗಾರನ ಅನ್ನ ಹೋಯಿತು, ನದಿಯಾಚೆಯ ಗದ್ದೆಗೆ ಹೋಗುವ ರೈತನ ದಾರಿ ಹೋಯಿತು, ಕುಂಬಾರನ ಮಡಕೆ ಸಂತೆಗೆ ಮುಟ್ಟದಾಯಿತು.

ಅಕ್ಟೋಬರ್ 16ರಂದು ಮೇದಿನಿಪುರ ಮತ್ತು 24 ಪರಗಣ ಜಿಲ್ಲೆಗಳ ಮೇಲೆ ಚಂಡಮಾರುತ ಎರಗಿತು. 14,500 ಜನ, 1,90,000 ದನಕರು ಸತ್ತವೆಂದು ಆಯೋಗ ದಾಖಲಿಸಿದೆ. ಉಳುವ ಎತ್ತು ಸತ್ತರೆ ಮುಂದಿನ ವರ್ಷದ ಬೇಸಾಯವೂ ಸತ್ತಂತೆ. ಉಪ್ಪುನೀರು ನುಗ್ಗಿದ ಗದ್ದೆಗಳಲ್ಲಿ ಬೆಳೆದು ನಿಂತಿದ್ದ ಆಮನ್ ಕೊಳೆಯಿತು. ಅಳಿದುಳಿದ ಪೈರಿಗೆ ಕಂದುಚುಕ್ಕೆ ರೋಗ ಹತ್ತಿತು. ಆದರೂ ಬೆಳೆ ನಷ್ಟವೊಂದರಿಂದಲೇ ಬರ ಬಂತು ಎನ್ನುವ ವಿವರಣೆಯನ್ನು ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಪ್ರಶ್ನಿಸಿದರು. ಬರದ ವರ್ಷ ಅವರಿನ್ನೂ ಶಾಂತಿನಿಕೇತನದಲ್ಲಿದ್ದ ಬಾಲಕ. ಅವರ ವಾದದ ತಿರುಳು ಇಷ್ಟು: ಅಕ್ಕಿ ಇದೆಯೇ ಎಂಬುದು ಒಂದು ಪ್ರಶ್ನೆ, ಅದನ್ನು ಪಡೆಯುವ ಶಕ್ತಿ ಯಾರಿಗಿದೆ ಎಂಬುದು ಬೇರೆಯೇ ಪ್ರಶ್ನೆ. ಕೂಲಿ ನಿಂತಲ್ಲಿ ನಿಂತು ಅಕ್ಕಿಯ ಬೆಲೆ ಹಾರಿದಾಗ, ಮೀನು, ಹಾಲು, ಕ್ಷೌರ ಇವನ್ನು ಮಾರಿ ಅಕ್ಕಿ ಕೊಳ್ಳುವವರ ಬದುಕು ಕುಸಿಯಿತು. ಬೆಳೆ ಎಷ್ಟು ಕಡಿಮೆಯಿತ್ತು ಎಂಬುದರ ಬಗ್ಗೆ ಅವರೊಡನೆ ಒಪ್ಪದವರಿದ್ದಾರೆ. ಆದರೆ ಹೊಡೆತ ಯಾರ ಮೇಲೆ ಬಿತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಬೆಲೆಯ ಏರಿಕೆಯನ್ನು ಒಮ್ಮೆ ಸಾಲಾಗಿ ನೋಡಬೇಕು. 1942ರ ಡಿಸೆಂಬರ್ 11ರಂದು ಕಲ್ಕತ್ತೆಯಲ್ಲಿ ಒಂದು ಮಣ ಅಕ್ಕಿಯ ಸಗಟು ಬೆಲೆ 13-14 ರೂಪಾಯಿ. ಅದೇ ಆ ವರ್ಷದ ಆರಂಭಕ್ಕೆ ಹೋಲಿಸಿದರೆ ದುಪ್ಪಟ್ಟಿಗಿಂತ ಹೆಚ್ಚು. 1943ರ ಮಾರ್ಚ್ 12ಕ್ಕೆ 21 ರೂಪಾಯಿ. ಮೇ 21ಕ್ಕೆ 30 ದಾಟಿತು. ಆಗಸ್ಟ್ 20ಕ್ಕೆ 37. ಮಣವೆಂದರೆ ಸುಮಾರು 37 ಕಿಲೊ, ಅಂದರೆ ರೂಪಾಯಿಗೆ ಒಂದು ಕಿಲೊ. ಪೂರ್ವದ ಕೆಲವು ಜಿಲ್ಲೆಗಳಲ್ಲಿ ಇದಕ್ಕೂ ಎಷ್ಟೋ ಮೇಲೆ ಹೋಯಿತು.

ಬೆಲೆ ಏರಿದರೆ ಬೆಳೆದವನಿಗೆ ಲಾಭವಲ್ಲವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹತ್ತಾರು ಎಕರೆಯ ಜೋತೆದಾರನಿಗೆ ಲಾಭವೇ ಆಯಿತು. ಅವನು ಭತ್ತವನ್ನು ಕಣಜದಲ್ಲಿಟ್ಟು ಕಾಯಬಲ್ಲ. ಎರಡು ಎಕರೆಯವನು ಕಾಯಲಾರ. ಡಿಸೆಂಬರ್-ಜನವರಿಯ ಸುಗ್ಗಿಯಲ್ಲಿ ಕಂದಾಯ, ಸಾಲ, ಬಡ್ಡಿ ಮೂರೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಹಿಂದೆಂದೂ ಕಾಣದ ಬೆಲೆ ಸಿಕ್ಕಿತೆಂದು ಅವನು ಆಗಲೇ ಮಾರಿಬಿಟ್ಟ. ನಾಲ್ಕು ತಿಂಗಳ ನಂತರ ಅದೇ ಅಕ್ಕಿಯನ್ನು ಕೊಳ್ಳಲು ಪೇಟೆಗೆ ಹೋದಾಗ ಬೆಲೆ ಎರಡು ಪಟ್ಟಾಗಿತ್ತು, ಮತ್ತೆರಡು ತಿಂಗಳಿಗೆ ಮೂರು ಪಟ್ಟಾಗುವುದರಲ್ಲಿತ್ತು. ಸಣ್ಣ ರೈತನ ಬಡತನದ ಮೂಲ ಇರುವುದು ಈ ಕಾಯಲಾಗದ ಸ್ಥಿತಿಯಲ್ಲೇ ಎಂದು ನನಗೆ ತೋರುತ್ತದೆ. ಅಗ್ಗವಾದಾಗ ಮಾರುವವನೂ ಅವನೇ, ತುಟ್ಟಿಯಾದಾಗ ಕೊಳ್ಳುವವನೂ ಅವನೇ.

ಕಲ್ಕತ್ತೆ ಮಾತ್ರ ಉಂಡಿತು. ಯುದ್ಧಕ್ಕೆ ಬೇಕಾದ ಗಿರಣಿ, ಬಂದರು, ರೈಲ್ವೆ, ಸರ್ಕಾರಿ ಕಚೇರಿ ಎಲ್ಲವೂ ಅಲ್ಲಿದ್ದವು. ಬಂಗಾಳ ವಾಣಿಜ್ಯ ಮಂಡಳಿ 1942ರಲ್ಲೇ ಕೈಗಾರಿಕೆಗಳ ಕೆಲಸಗಾರರಿಗೆ ಅಗ್ಗದ ದರದಲ್ಲಿ ಆಹಾರ ಒದಗಿಸುವ ಯೋಜನೆ ಆರಂಭಿಸಿತು. ಡಿಸೆಂಬರ್ 20ರಂದು ನಗರದ ಮೇಲೆ ಜಪಾನಿ ಬಾಂಬುಗಳು ಬಿದ್ದು ಅಂಗಡಿಗಳು ಮುಚ್ಚತೊಡಗಿದಾಗ, ಸರ್ಕಾರ ವ್ಯಾಪಾರಿಗಳ ದಾಸ್ತಾನನ್ನೇ ವಶಪಡಿಸಿಕೊಂಡು ಹಂಚಿತು. ಹಳ್ಳಿಗಾಡಿನಿಂದ ಅಕ್ಕಿ ಎಳೆದು ತರಲು 1943ರ ಮಾರ್ಚ್ 11ರಂದು ಬೆಲೆ ನಿಯಂತ್ರಣವನ್ನು ಕೈಬಿಟ್ಟಿತು. ಅಕ್ಕಿ ಬಂತು. ಹಳ್ಳಿಯಿಂದ ನಗರಕ್ಕೆ ಬಂತು, ಯಾವ ಬೆಲೆಗಾದರೂ ಕೊಳ್ಳಬಲ್ಲವರ ಗೋದಾಮಿಗೆ ಬಂತು. ಕಲ್ಕತ್ತೆಯ ಖಾಯಂ ನಿವಾಸಿಗಳಲ್ಲಿ ಉಪವಾಸದಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಆ ನಗರದ ಬೀದಿಯಲ್ಲಿ ಸತ್ತವರು ಅದಕ್ಕೆ ಅಕ್ಕಿ ಕಳಿಸಿದ ಹಳ್ಳಿಗಳ ಜನ.

ನಗರವನ್ನು ಉಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಗಿರಣಿ ಕಾರ್ಮಿಕನ ಮಗುವಿಗೂ ಹಸಿವಿತ್ತು. ಆದರೆ ಪಡಿತರದ ಚೀಟಿ ನಗರದ ಗಡಿಯಲ್ಲೇ ನಿಂತುಹೋದದ್ದು ಆಡಳಿತದ ತೀರ್ಮಾನ, ಅದನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯಲಾಗದು. ಬರಗಾಲದ ಸಂಹಿತೆಯೊಂದು ಸರ್ಕಾರದ ಕಪಾಟಿನಲ್ಲಿತ್ತು. ಅದನ್ನು ಜಾರಿಗೆ ತಂದು ಬರವೆಂದು ಘೋಷಿಸಿದ್ದರೆ ಪ್ರತಿಯೊಬ್ಬರಿಗೂ ಗೊತ್ತಾದ ಪ್ರಮಾಣದಲ್ಲಿ ಧಾನ್ಯ ಕೊಡಬೇಕಾಗುತ್ತಿತ್ತು, ಆದ್ದರಿಂದಲೇ ಘೋಷಿಸಲಿಲ್ಲ. ಸೆನ್ಸಾರಿನ ಕಡಿವಾಣದ ನಡುವೆಯೂ ಇಯಾನ್ ಸ್ಟೀಫನ್ಸ್ ಸಂಪಾದಕರಾಗಿದ್ದ 'ದಿ ಸ್ಟೇಟ್ಸ್‌ಮನ್' ಪತ್ರಿಕೆ ಆಗಸ್ಟ್ 22ರಂದು ಬೀದಿಯ ಫೋಟೋಗಳನ್ನು ಅಚ್ಚು ಹಾಕಿದ ಮೇಲೆ ದೆಹಲಿ, ಲಂಡನ್ನುಗಳು ಕಣ್ಣು ಮುಚ್ಚಿಕೊಳ್ಳುವುದು ಕಷ್ಟವಾಯಿತು. ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವಲ್ ಕಲ್ಕತ್ತೆಗೆ ಬಂದು ಬೀದಿಗಳನ್ನು ಕಂಡು, ಪರಿಹಾರದ ಸಾಗಣೆಗೆ ಸೈನ್ಯವನ್ನು ಇಳಿಸಿದರು. ಆ ತಿಂಗಳ ಹೊತ್ತಿಗೆ ನಗರದಲ್ಲಿ ಕನಿಷ್ಠ ಒಂದು ಲಕ್ಷ ನಿರ್ಗತಿಕರಿದ್ದರು. ಅಕ್ಟೋಬರ್ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆಯೊಂದು ಅವರನ್ನು ಹಿಡಿದು ಶಿಬಿರಗಳಿಗೆ, ಅಲ್ಲಿಂದ ಊರುಗಳಿಗೆ ಸಾಗಿಸುವ ಅಧಿಕಾರ ಕೊಟ್ಟಿತು.

ಊರಿಗೆ ಹೋಗಿ ಏನು ಮಾಡುವುದು? ಈ ಪ್ರಶ್ನೆಯನ್ನು ಕೇಳಿ ಉತ್ತರ ಹುಡುಕಿದವರು ಕಲ್ಕತ್ತೆಯ ವಿದ್ವಾಂಸರು, ಮತ್ತು ಅದಕ್ಕಾಗಿ ಅವರಿಗೆ ನಾವು ಋಣಿಗಳು. ಕಲ್ಕತ್ತೆ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದ ತಾರಕಚಂದ್ರ ದಾಸ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಫುಟ್‌ಪಾತುಗಳಿಗೆ ಇಳಿದರು. ಅಲ್ಲಿದ್ದವರನ್ನು ಮಾತಾಡಿಸಿ, ಯಾವ ಊರು, ಏನು ಕಸುಬು, ಮನೆಯಲ್ಲಿ ಯಾರಿದ್ದರು, ಏನನ್ನು ಮಾರಿ ಬಂದಿರಿ ಎಂದು ಬರೆದುಕೊಂಡರು. ಬೇರೆಯವರು ಒಂದೇ ಗುಂಪಾಗಿ ಕಂಡ ಜನರನ್ನು ದಾಸ್ ಒಂದೊಂದು ಕುಟುಂಬವಾಗಿ ಕಂಡರು. ಹೆಚ್ಚಿನವರು ಕೃಷಿಕೂಲಿಗಳು, ತುಂಡು ನೆಲದ ರೈತರು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆಯಾಗಿ ಸಂಸಾರಗಳು ಒಡೆದದ್ದನ್ನೂ ಅವರು ದಾಖಲಿಸಿದರು. ಪುಸ್ತಕ 1949ರಲ್ಲಿ ಹೊರಬಂತು.

ಇನ್ನೊಂದು ಕೆಲಸ ಇನ್ನೂ ದೊಡ್ಡದು. ಪ್ರಶಾಂತಚಂದ್ರ ಮಹಾಲನೋಬಿಸ್ ಆಗ ಪ್ರೆಸಿಡೆನ್ಸಿ ಕಾಲೇಜಿನ ಆವರಣದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ನಡೆಸುತ್ತಿದ್ದರು. ಬಂಗಾಳ ಸರ್ಕಾರದ ಕೋರಿಕೆಯ ಮೇರೆಗೆ 1944-45ರಲ್ಲಿ ಸಂಸ್ಥೆಯ ಕಾರ್ಯಕರ್ತರು ಪ್ರಾಂತದ ಉದ್ದಗಲಕ್ಕೆ 386 ಹಳ್ಳಿಗಳಿಗೆ ಹೋಗಿ 15,769 ಕುಟುಂಬಗಳ ವಿವರ ತಂದರು. ಮಾದರಿ ಸಮೀಕ್ಷೆ ಎಂಬ ವಿಧಾನವನ್ನು ಇಡೀ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮಹಾಲನೋಬಿಸ್ ಒಬ್ಬರು. ಆ ವಿಧಾನ ಇಲ್ಲಿ ಮಾಡಿದಷ್ಟು ಕರುಣೆಯ ಕೆಲಸವನ್ನು ಬೇರೆಲ್ಲೂ ಮಾಡಿಲ್ಲ ಎಂದು ನನಗನ್ನಿಸುತ್ತದೆ. ರಾಮಕೃಷ್ಣ ಮುಖರ್ಜಿ ಮತ್ತು ಅಂಬಿಕಾ ಘೋಷ್ ಜೊತೆಗೂಡಿ ಅವರು 1946ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು.

ಬರಕ್ಕೆ ಮುಂಚೆ ಬಂಗಾಳದಲ್ಲಿ ಭತ್ತದ ಗದ್ದೆಯಿದ್ದ ಕುಟುಂಬಗಳು ಸುಮಾರು 65 ಲಕ್ಷ. ಅವುಗಳಲ್ಲಿ ಸುಮಾರು 16 ಲಕ್ಷ ಕುಟುಂಬಗಳು ಬರದ ಅವಧಿಯಲ್ಲಿ ಗದ್ದೆಯನ್ನು ಮಾರಿದವು ಇಲ್ಲವೇ ಅಡವಿಟ್ಟವು. ನಾಲ್ಕರಲ್ಲೊಂದು ಮನೆ. 2.6 ಲಕ್ಷ ಕುಟುಂಬಗಳು ಇದ್ದ ಗದ್ದೆಯನ್ನೆಲ್ಲ ಕಳೆದುಕೊಂಡು ಕೂಲಿಗಿಳಿದವು. ಉಳಿದವು ಭಾಗಶಃ ಮಾರಿದವು, ಅಥವಾ ಅಡವಿಟ್ಟು ಬಿಡಿಸಿಕೊಳ್ಳಲಾಗದೆ ಕೂತವು. ಮಾರಾಟವಾದ ಗದ್ದೆ ಒಟ್ಟು 7.1 ಲಕ್ಷ ಎಕರೆ. ಇದರಲ್ಲಿ ಹಳ್ಳಿಗರೇ ಕೊಂಡದ್ದು 2.9 ಲಕ್ಷ ಎಕರೆ ಮಾತ್ರ. 4.2 ಲಕ್ಷ ಎಕರೆ ಊರಿನ ಹೊರಗಿನವರ ಪಾಲಾಯಿತು, ಬಹುಶಃ ಪಟ್ಟಣಗಳಲ್ಲಿ ವಾಸಿಸುವ, ಸ್ವತಃ ಉಳದ ಒಡೆಯರ ಪಾಲಾಯಿತು ಎಂದು ಸಮೀಕ್ಷೆ ತೀರ್ಮಾನಿಸಿತು.

ಮಾರಾಟದ ಹಿಂದಿನ ಒತ್ತಡವನ್ನು ಊಹಿಸಿಕೊಳ್ಳಬೇಕು. ಮೊದಲು ಹೋಗುವುದು ಹಿತ್ತಾಳೆ, ತಾಮ್ರದ ಪಾತ್ರೆ. ಆಮೇಲೆ ಮನೆಯ ತಗಡು, ಹೆಂಗಸರ ಮೈಮೇಲಿನ ಚೂರುಪಾರು ಬೆಳ್ಳಿ. ಅದಾದ ಮೇಲೆ ಎತ್ತು. ಎತ್ತು ಹೋದ ಮೇಲೆ ಗದ್ದೆಯನ್ನು ಇಟ್ಟುಕೊಂಡು ಏನು ಪ್ರಯೋಜನ ಎಂಬ ಸ್ಥಿತಿ. ಎಲ್ಲರೂ ಒಟ್ಟಿಗೇ ಮಾರಲು ನಿಂತಾಗ ನೆಲದ ಬೆಲೆ ಬೀಳುತ್ತದೆ, ಅಕ್ಕಿಯ ಬೆಲೆ ಏರುತ್ತದೆ. ತಲೆತಲಾಂತರದಿಂದ ಬಂದ ಒಂದು ತುಂಡು ಗದ್ದೆ ಕೆಲವು ವಾರಗಳ ಊಟಕ್ಕೆ ಸಮವಾಗುತ್ತದೆ. ಆ ಊಟ ಮುಗಿದ ಮೇಲೆ ರೈಲು ಹತ್ತುವುದು. ಕಲ್ಕತ್ತೆಯ ಫುಟ್‌ಪಾತಿಗೆ ಬಂದವರು ಹಸಿದ ಮೊದಲ ದಿನವೇ ಬಂದವರಲ್ಲ. ಮಾರುವುದಕ್ಕೆ ಏನೂ ಉಳಿಯದ ದಿನ ಬಂದವರು.

ವಿಚಾರಣಾ ಆಯೋಗ ಮತ್ತೊಂದು ಲೆಕ್ಕವನ್ನು ದಾಖಲಿಸಿದೆ. 1943ರಲ್ಲಿ ಅಕ್ಕಿಯ ಕೊಡುಕೊಳೆಯಿಂದ ಬಂದ ಅಸಾಧಾರಣ ಲಾಭ ಸುಮಾರು 150 ಕೋಟಿ ರೂಪಾಯಿ, ಅಂದರೆ ಅದು ಒಪ್ಪಿದ ಒಂದೊಂದು ಸಾವಿಗೆ ಸುಮಾರು ಒಂದು ಸಾವಿರ ರೂಪಾಯಿ. ಸರ್ಕಾರವೇ ನೇಮಿಸಿದ ಆಯೋಗ ತನ್ನ ವರದಿಯಲ್ಲಿ ಹೀಗೆ ಬರೆಯಬೇಕಾಗಿ ಬಂದದ್ದನ್ನು ಓದುವಾಗ ಇಂದಿಗೂ ಮೈ ನಡುಗುತ್ತದೆ. ಆ ಲಾಭದಲ್ಲಿ ಒಂದು ಪಾಲು ಮತ್ತೆ ಹಳ್ಳಿಗೇ ಹೋಯಿತು, ಆದರೆ ಗದ್ದೆ ಕೊಳ್ಳುವ ಹಣವಾಗಿ ಹೋಯಿತು.

ಕನ್ನಡ ನಾಡಿಗೆ ಇದು ಪರಕೀಯ ಕಥೆಯಲ್ಲ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ ಹತ್ತು ವರ್ಷದ ನಂತರ 42 ಲಕ್ಷಕ್ಕೂ ಕೆಳಗಿತ್ತು. ಆ ಬರದಲ್ಲೂ ಜನ ಬೆಂಗಳೂರಿನ ಗಂಜಿಕೇಂದ್ರಗಳಿಗೆ ನಡೆದು ಬಂದು ದಾರಿಯಲ್ಲೇ ಬಿದ್ದರು. ನಾವು ಆ ಬರದ ಸಾವುಗಳನ್ನು ನೆನೆಯುತ್ತೇವೆ. ಆ ಎರಡು ವರ್ಷಗಳಲ್ಲಿ ಯಾವ ಊರಿನ ಯಾವ ಹೊಲ ಯಾರ ಕೈ ಸೇರಿತು ಎಂಬುದನ್ನು ಮಹಾಲನೋಬಿಸರಂತೆ ಮನೆಮನೆಗೆ ಹೋಗಿ ಬರೆದುಕೊಂಡವರು ನಮ್ಮಲ್ಲಿರಲಿಲ್ಲ.

ಬಂಗಾಳಕ್ಕೆ ಹಿಂದಿರುಗೋಣ. 1943ರ ಡಿಸೆಂಬರಿನಲ್ಲಿ ಆಮನ್ ಬೆಳೆ ಚೆನ್ನಾಗಿ ಬಂತು. ಬರ ಮುಗಿಯಿತೆಂದು ಪತ್ರಿಕೆಗಳು ಬರೆದವು, ಆದರೆ ಸಾವಿನ ಪ್ರಮಾಣ ತುದಿ ಮುಟ್ಟಿದ್ದೇ ಆಗ. ಸೊರಗಿದ ಮೈಗಳಿಗೆ ಮಲೇರಿಯಾ, ಕಾಲರಾ, ಸಿಡುಬು ಹತ್ತಿದವು. ಕೊಯ್ಲಿಗೆ ಆಳುಗಳೇ ಸಾಲದಾದ ಊರುಗಳಿದ್ದವು. 1944ರ ಜನವರಿ 31ರಿಂದ ಕಲ್ಕತ್ತೆಯಲ್ಲಿ ಪೂರ್ಣ ಪಡಿತರ ಜಾರಿಗೆ ಬಂತು. ಬರದ ಕಾಲದಲ್ಲಿ ಅಗ್ಗಕ್ಕೆ ಮಾರಿದ ಭೂಮಿಯನ್ನು ಬೆಲೆ ಹಿಂದಿರುಗಿಸಿ ಮರಳಿ ಪಡೆಯಲು ಸಣ್ಣ ರೈತರಿಗೆ ಅವಕಾಶ ಕೊಡುವ ಕಾಯ್ದೆಯನ್ನು ಅದೇ ವರ್ಷ ಶಾಸನಸಭೆ ಒಪ್ಪಿತು. ಅದನ್ನು ಬರೆದವರ ಮನಸ್ಸು ಒಳ್ಳೆಯದು. ಆದರೆ ಹೆಂಡತಿಯ ಬಳೆ, ಮನೆಯ ತಗಡು, ಎತ್ತು ಎಲ್ಲವನ್ನೂ ಮಾರಿ ಬದುಕಿಕೊಂಡವನು ಬೆಲೆಯನ್ನು ಎಲ್ಲಿಂದ ತರಬೇಕು? ಅರ್ಜಿ ಬರೆಯುವವನಿಗೆ, ವಕೀಲನಿಗೆ ಎಲ್ಲಿಂದ ಕೊಡಬೇಕು? ಹೊಲದ ಹೊಸ ಒಡೆಯನಿಗೋ ಆಳು ಬೇಕಿತ್ತು. ಹೀಗೆ ನಿನ್ನೆಯ ಮಾಲೀಕ ತನ್ನ ಗದ್ದೆಯಲ್ಲೇ ಬರ್ಗಾದಾರನಾಗಿ ನೇಗಿಲು ಹಿಡಿದ, ಅರ್ಧ ಬೆಳೆಯನ್ನು ತಾನೆಂದೂ ಮುಖ ನೋಡದವನಿಗೆ ಅಳೆದುಕೊಟ್ಟ.

1944ರಲ್ಲಿ ಕಲ್ಕತ್ತೆಯ ರಂಗಮಂದಿರದಲ್ಲಿ ಬಿಜೊನ್ ಭಟ್ಟಾಚಾರ್ಯರ 'ನಬಾನ್ನ' ನಾಟಕ ಪ್ರದರ್ಶನ ಕಂಡಿತು. ಭಾರತೀಯ ಜನನಾಟ್ಯ ಸಂಘದ ಪರವಾಗಿ ಅವರೂ ಶಂಭು ಮಿತ್ರರೂ ಸೇರಿ ನಿರ್ದೇಶಿಸಿದ್ದರು. ಮೇದಿನಿಪುರದ ಕಡೆಯ ರೈತ ಕುಟುಂಬವೊಂದು ನಗರಕ್ಕೆ ಬಂದು ಬೀದಿಪಾಲಾಗುವ ಕಥೆ. ಕೆಲವೇ ತಿಂಗಳ ಹಿಂದೆ ಅದೇ ಬೀದಿಯಲ್ಲಿ ಕಣ್ಣು ತಪ್ಪಿಸಿ ನಡೆದಿದ್ದ ಜನ ಟಿಕೆಟ್ ಕೊಂಡು ಬಂದು ಆ ರೈತನನ್ನು ನೋಡಿದರು.

ರೈತರ ಉತ್ತರ ಬಂದದ್ದು ಕಣದಿಂದ. ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲು ಬರ್ಗಾದಾರನಿಗೆ ಸಲ್ಲಬೇಕೆಂದು ಸರ್ಕಾರದ್ದೇ ಭೂಕಂದಾಯ ಆಯೋಗ 1940ರಲ್ಲಿ ಶಿಫಾರಸು ಮಾಡಿತ್ತು. ಸರ್ ಫ್ರಾನ್ಸಿಸ್ ಫ್ಲೌಡ್ ಅದರ ಅಧ್ಯಕ್ಷರು. ಆರು ವರ್ಷ ಆ ವರದಿ ಕಪಾಟಿನಲ್ಲೇ ಇತ್ತು. 1946ರ ಸೆಪ್ಟೆಂಬರಿನಲ್ಲಿ ಬಂಗಾಳ ಪ್ರಾಂತೀಯ ಕಿಸಾನ್ ಸಭಾ ಆ ಶಿಫಾರಸನ್ನೇ ಹೋರಾಟದ ಕರೆಯಾಗಿ ಎತ್ತಿಕೊಂಡಿತು. ಅದೇ ತೇಭಾಗಾ. ಬೇಡಿಕೆ ಅತಿಯಾದದ್ದೇನಲ್ಲ: ಮೂರರಲ್ಲಿ ಎರಡು ಪಾಲು, ಭತ್ತದ ಸಾಲಕ್ಕೆ ನೂರಕ್ಕೆ ಹನ್ನೆರಡೂವರೆ ಮೀರದ ಬಡ್ಡಿ, ಕಾನೂನಿಲ್ಲದ ವಸೂಲಿಗಳಿಗೆ ಕೊನೆ. ಹೋರಾಟದ ರೀತಿಯೂ ಸರಳ. ಕೊಯ್ದ ಭತ್ತವನ್ನು ಜೋತೆದಾರನ ಕಣಕ್ಕೆ ಹೊರದೆ ತಮ್ಮ ಕಣಕ್ಕೇ ಹೊರುವುದು. ಅಳತೆ ಯಾರ ಅಂಗಳದಲ್ಲಿ ನಡೆಯುತ್ತದೋ ಅಲ್ಲಿ ಅಧಿಕಾರವೂ ಇರುತ್ತದೆ ಎಂಬುದು ಉಳುವವರಿಗೆ ಚೆನ್ನಾಗಿ ಗೊತ್ತಿತ್ತು. ಆಗಸ್ಟಿನಲ್ಲಷ್ಟೇ ಕಲ್ಕತ್ತೆಯ ಬೀದಿಗಳಲ್ಲಿ ಹಿಂದೂ-ಮುಸ್ಲಿಂ ರಕ್ತ ಹರಿದಿತ್ತು. ಅದರ ಬೆನ್ನಿಗೇ ಉತ್ತರದ ದಿನಾಜಪುರ, ರಂಗಪುರ, ಜಲಪಾಯಿಗುಡಿಗಳಲ್ಲಿ ಹಿಂದೂ, ಮುಸ್ಲಿಂ, ಸಂತಾಲ ರೈತರು ಒಟ್ಟಿಗೆ ಹೊರೆ ಹೊತ್ತರು. ಹೆಂಗಸರು ಪೊರಕೆ, ಒನಕೆ ಹಿಡಿದು ಪೊಲೀಸರೆದುರು ನಿಂತರು.

1947ರ ಜನವರಿ 4ರಂದು ದಿನಾಜಪುರದ ಚಿರಿರಬಂದರಿನಲ್ಲಿ ಶಿಬರಾಮ್ ಮತ್ತು ಸಮೀರುದ್ದೀನ್ ಗುಂಡಿಗೆ ಬಲಿಯಾದರು. ಒಬ್ಬ ಸಂತಾಲ, ಒಬ್ಬ ಮುಸಲ್ಮಾನ. ಅದೇ ತಿಂಗಳ 22ರಂದು ಬಂಗಾಳದ ಸುಹ್ರಾವರ್ದಿ ಸರ್ಕಾರ ಬರ್ಗಾದಾರರ ಮಸೂದೆಯನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿದಾಗ ಹಳ್ಳಿಗಳಲ್ಲಿ ಗೆದ್ದೆವೆಂಬ ಭಾವನೆ ಮೂಡಿತು. ಗೆಜೆಟ್ಟಿನಲ್ಲಿ ಬಂದದ್ದು ಕಾನೂನೇ ಎಂದು ನಂಬಿದ ಬರ್ಗಾದಾರರು ಜೋತೆದಾರರ ಕಣದಲ್ಲಿದ್ದ ಭತ್ತವನ್ನೂ ಹೊತ್ತು ತಂದರು. ಜೋತೆದಾರರ ಒತ್ತಡಕ್ಕೆ ಮಸೂದೆ ಮೂಲೆಗೆ ಬಿತ್ತು. ಫೆಬ್ರವರಿ 20ರಂದು ಖಾನ್‌ಪುರದಲ್ಲಿ ಪೊಲೀಸರ ಗುಂಡಿಗೆ 22 ಜನ ಸತ್ತರು.

ಕಲ್ಕತ್ತೆಯ ದಕ್ಷಿಣಕ್ಕೆ, ಸುಂದರಬನದ ಅಂಚಿನ ಕಾಕದ್ವೀಪದಲ್ಲಿ ಹೋರಾಟ ಸ್ವಾತಂತ್ರ್ಯದ ನಂತರವೂ ನಿಲ್ಲಲಿಲ್ಲ. ಅಲ್ಲಿನ ಗದ್ದೆಗಳ ಗುತ್ತಿಗೆ ಹಿಡಿದ ಲಾಟ್‌ದಾರರಲ್ಲಿ ಅನೇಕರು ಕಲ್ಕತ್ತೆಯಲ್ಲೇ ಕೂತವರು. ಆ ಭೂಮಿಯ ಕಾಡು ಕಡಿದು, ಉಪ್ಪುನೀರಿಗೆ ಒಡ್ಡು ಕಟ್ಟಿ ಗದ್ದೆ ಮಾಡಿದವರ ಮಕ್ಕಳು ಅಲ್ಲಿ ಅರ್ಧ ಪಾಲಿಗೆ ದುಡಿಯುತ್ತಿದ್ದರು. 1948ರ ನವೆಂಬರಿನಲ್ಲಿ ಚಂದನಪಿಡಿಯಲ್ಲಿ ಗುಂಡಿಗೆ ಬಿದ್ದವರಲ್ಲಿ ಅಹಲ್ಯಾ ಎಂಬ ರೈತ ಮಹಿಳೆ ಇದ್ದಳು.

ಇದಾದ ಎರಡೂವರೆ ವರ್ಷಕ್ಕೆ, 1951ರ ಏಪ್ರಿಲಿನಲ್ಲಿ, ನಮ್ಮ ಕನ್ನಡ ನಾಡಿನ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದರು. ಗೇಣಿ ಭತ್ತ ಅಳೆಯುವ ಕೊಳಗ ನಿಜವಾದ ಅಳತೆಗಿಂತ ದೊಡ್ಡದಿತ್ತು ಎಂಬುದು ಅವರ ಮೊದಲ ದೂರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ತೇಭಾಗಾದ ರೈತನ ಭಾಷೆ ಕಾಗೋಡಿನ ರೈತನಿಗೆ ಬಾರದು. ಆದರೆ ಕಣದಲ್ಲಿ ನಿಂತು ತಾನು ಬೆಳೆದ ಭತ್ತ ಇನ್ನೊಬ್ಬನ ಅಳತೆಯಲ್ಲಿ ಕರಗುವುದನ್ನು ಇಬ್ಬರೂ ನೋಡಿದ್ದರು. ಕರ್ನಾಟಕದಲ್ಲಿ ಆ ಕೂಗಿಗೆ ಕಾನೂನಿನ ಉತ್ತರ ಸಿಕ್ಕಿದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಇಲ್ಲಿ ಗೇಣಿದಾರನಿಗೆ ಒಡೆತನವೇ ಸಿಕ್ಕಿತು.

ಪಶ್ಚಿಮ ಬಂಗಾಳ 1953ರಲ್ಲಿ ಜಮೀನ್ದಾರಿಯನ್ನು ತೆಗೆಯಿತು, 1955ರಲ್ಲಿ ಭೂಸುಧಾರಣಾ ಕಾಯ್ದೆ ತಂದಿತು. ಬರ್ಗಾದಾರನ ಪಾಲು ಕಾಗದದ ಮೇಲೆ ಹೆಚ್ಚುತ್ತ ಹೋಯಿತು. ಆದರೆ ತಾನು ಬರ್ಗಾದಾರನೆಂದು ತೋರಿಸಲು ಅವನ ಬಳಿ ಒಂದು ಚೂರು ಕಾಗದವಿರಲಿಲ್ಲ. ಒಡೆಯ ಬೇಡವೆಂದ ದಿನ ಅವನು ಹೊರಗೆ. 1978ರಲ್ಲಿ ಭೂಸುಧಾರಣಾ ಆಯುಕ್ತ ಡಿ. ಬಂದ್ಯೋಪಾಧ್ಯಾಯ ಮತ್ತು ಸಚಿವ ಬಿನಯ್ ಚೌಧುರಿ ಇದಕ್ಕೆ ಹೊಸ ದಾರಿ ಹಿಡಿದರು. ಹೂಗ್ಲಿ ಜಿಲ್ಲೆಯ ಪೋಲ್ಬಾ ಬಳಿಯ ಹಾಲುಸಾಯಿ ಎಂಬ ಹಳ್ಳಿಯಲ್ಲಿ ಮೊದಲ ಶಿಬಿರ ನಡೆಯಿತು. ಅಧಿಕಾರಿಗಳು ಒಡೆಯನ ಮನೆಯ ಜಗಲಿಯಲ್ಲಿ ಕೂರಲಿಲ್ಲ. ದುಡಿದವರು ಗದ್ದೆಯಿಂದ ಮನೆಗೆ ಬರುವ ಸಂಜೆಯ ಹೊತ್ತು ನೋಡಿ, ಅವರ ನಡುವೆಯೇ ಕೂತು ಯಾರು ಯಾರ ಗದ್ದೆ ಉಳುತ್ತಾರೆಂದು ಎಲ್ಲರ ಎದುರು ಕೇಳಿದರು. ಮರುದಿನ ಗದ್ದೆಗೆ ಹೋಗಿ ನೋಡಿದರು, ಪಟ್ಟಿಯನ್ನು ಊರಿನಲ್ಲೇ ಪ್ರಕಟಿಸಿ ತಕರಾರು ಕೇಳಿದರು, ಅಲ್ಲೇ ಪ್ರಮಾಣಪತ್ರ ಕೊಟ್ಟರು. ಕ್ರಮೇಣ ಸುಮಾರು 14 ಲಕ್ಷ ಬರ್ಗಾದಾರರ ಹೆಸರು ದಾಖಲೆಗೆ ಬಂತು. ಹೆಸರು ದಾಖಲಾದವನನ್ನು ಸುಮ್ಮನೆ ಎಬ್ಬಿಸುವಂತಿಲ್ಲ, ಬೆಳೆಯಲ್ಲಿ ಅವನಿಗೆ ಮುಕ್ಕಾಲು ಪಾಲು, ಅವನ ನಂತರ ಆ ಹಕ್ಕು ಅವನ ಮಕ್ಕಳಿಗೆ. ಅವನಿಗೆ ಸಿಕ್ಕಿದ್ದು ಉಳುವ ಹಕ್ಕು. 1943ರ ಕ್ರಯಪತ್ರಗಳಲ್ಲಿ ಹೋದ ಒಡೆತನ ಒಡೆಯನ ಹೆಸರಿನಲ್ಲೇ ಉಳಿಯಿತು.